ಟೀಚರಿಗೆ ಮೊಬೈಲ್ ಬರಲ್ಲ ಅನ್ನೋರಿಗೆ ನಾಲ್ಕು ಮಾತು

"ಗೌರ್ಮೆಂಟ್ ಸ್ಕೂಲ್ ಟೀಚರಿಗೆ ಒಂದು ಮೊಬೈಲ್ ನೆಟ್ಟಗೆ ಬರಲ್ಲ, ಇನ್ನು ಮಕ್ಕಳಿಗೇನು ಹೇಳ್ಕೊಡ್ತಾರೆ?" 2025ರ ದಸರಾ ಆದಾಗಿನಿಂದ ಈ ಮಾತನ್ನ ನಾಯಂಡಹಳ್ಳಿಯಲ್ಲಿ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಹಾಲಿನ ಬೂತಲ್ಲಿ ಕೇಳಿದ್ದೀನಿ, ಅರಿಶಿನ ಕುಂಕುಮಕ್ಕೆ ಹೋದ ಮನೇಲಿ ಕೇಳಿದ್ದೀನಿ, ಮೆಟ್ರೋ ಸ್ಟೇಷನ್ ಮೆಟ್ಟಿಲ ಮೇಲೆ ಗುರುತಿಲ್ಲದೋರ ಬಾಯಲ್ಲೂ ಕೇಳಿದ್ದೀನಿ. ನಮ್ಮ ಅತ್ತಿಗೆ ಅಂತೂ ಇದೇ ಮಾತು ಹೇಳಿ ಮೊಮ್ಮಗನ್ನ ಎಂಬತ್ತು ಸಾವಿರ ಫೀಸಿನ ಸ್ಕೂಲಿಗೆ ಹಾಕಿಸಿದ್ರು. "ಅಲ್ಲಿ ಕ್ಲಾಸಿಗೊಂದು ದೊಡ್ಡ ಟಿವಿ ಇದೆ ಕಣೇ" ಅಂದ್ರು.

ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಎದುರುಮನೆ ಆಂಟಿ, ನೀವೂ ಮಾಡ್ಕೋಬೇಡಿ. ಆ ಮಾತು ತಪ್ಪು. ಬರೀ ತಪ್ಪಾಗಿದ್ರೆ ಸುಮ್ಮನಿರ್ತಿದ್ದೆ. ಅದರಿಂದ ಬಡವರ ಮನೆ ಮಕ್ಕಳಿಗೆ ನಷ್ಟ ಆಗ್ತಿದೆ, ಅದಕ್ಕೇ ಬರೀತಿದ್ದೀನಿ.

ಮೊದಲು ಈ ಮಾತು ಎಲ್ಲಿಂದ ಹುಟ್ಟಿತು ನೋಡೋಣ. 2025ರ ಸೆಪ್ಟೆಂಬರ್ 22ಕ್ಕೆ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯ್ತಲ್ಲ, ಬೆಂಗಳೂರಲ್ಲಿ ಅಕ್ಟೋಬರ್ 4ಕ್ಕೆ. ಮನೆ ಬಾಗಿಲಿಗೆ ಸ್ಟಿಕರ್ ಅಂಟಿಸಿ ಹೋದ್ರು, ಆಮೇಲೆ ಟೀಚರುಗಳು, ಬೇರೆ ಇಲಾಖೆಯೋರು ಮೊಬೈಲ್ ಹಿಡ್ಕೊಂಡು ಬಂದ್ರು. ಅರವತ್ತು ಪ್ರಶ್ನೆ. ಒಟಿಪಿ ಬರ್ತಿರಲಿಲ್ಲ, ಆಪ್ ನಿಂತುಹೋಗ್ತಿತ್ತು, ಸರ್ವರ್ ಕೈ ಕೊಡ್ತಿತ್ತು. ಪೇಪರಲ್ಲಿ, ಟಿವೀಲಿ ದಿನಾ ಇದೇ ಸುದ್ದಿ. ಸರ್ವರ್ ಕೆಟ್ಟಿದ್ದು ಎಲ್ಲೋ, ಅದರ ಮುಂದೆ ಬಿಸಿಲಲ್ಲಿ ನಿಂತಿದ್ದೋಳು ಟೀಚರ್. ನಮಗೆ ಕಾಣಿಸಿದ್ದು ಟೀಚರ್ ಮುಖ ಒಂದೇ, ಹಾಗಾಗಿ ಟೀಚರಿಗೆ ಮೊಬೈಲ್ ಬರಲ್ಲ ಅಂತ ತೀರ್ಪು ಕೊಟ್ಟುಬಿಟ್ವಿ. ಕರೆಂಟ್ ಹೋಗಿ ಮಿಕ್ಸಿ ನಿಂತರೆ ಅಡುಗೆಯೋಳಿಗೆ ರುಬ್ಬೋಕೆ ಬರಲ್ಲ ಅಂತೀವಾ?

ಇನ್ನೊಂದು ಸಂಗತಿ ಯಾರೂ ಮಾತಾಡ್ಲಿಲ್ಲ. ಆ ಸಮೀಕ್ಷೆ ಮುಗಿಸೋಕೆ ಅಂತ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನ ಅಕ್ಟೋಬರ್ 18ರವರೆಗೆ ಎಳೆದ್ರು. ಅತ್ತಿಗೆ ಮೊಮ್ಮಗನ ಸ್ಕೂಲು ಎಂದಿನ ದಿನಕ್ಕೇ ಬಾಗಿಲು ತೆಗೀತು. ಅಂದ್ರೆ ಪಾಠ ತಪ್ಪಿದ್ದು ಯಾರಿಗೆ? ಟ್ಯೂಷನ್ ಇಲ್ಲದ, ಮನೇಲಿ ಓದಿಸೋರಿಲ್ಲದ ಮಕ್ಕಳಿಗೆ ಮಾತ್ರ. ಸಮೀಕ್ಷೆ ಬೇಡ ಅಂತ ನಾನು ಹೇಳ್ತಿಲ್ಲ. ಯಾರು ಎಷ್ಟು ಹಿಂದಿದ್ದಾರೆ ಅಂತ ಲೆಕ್ಕ ಬೇಕೇ ಬೇಕು. ಆದ್ರೆ ಹಿಂದುಳಿದೋರ ಲೆಕ್ಕ ಹಾಕೋಕೆ ಹಿಂದುಳಿದೋರ ಮಕ್ಕಳ ಕ್ಲಾಸೇ ನಿಲ್ಲಿಸಬೇಕಾ?

ಶಿಕ್ಷಣ ಹಕ್ಕು ಕಾಯ್ದೆ ಅಂತ ಇದೆ, 2009ರದ್ದು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 27ನೇ ಸೆಕ್ಷನ್ ಓದಿ ನೋಡಿ. ಟೀಚರುಗಳನ್ನ ಪಾಠ ಬಿಟ್ಟು ಬೇರೆ ಕೆಲಸಕ್ಕೆ ಹಾಕಬಾರದು, ಮೂರಕ್ಕೆ ಮಾತ್ರ ಹಾಕಬಹುದು ಅನ್ನುತ್ತೆ: ಹತ್ತು ವರ್ಷಕ್ಕೊಮ್ಮೆ ಬರೋ ಜನಗಣತಿ, ಪ್ರಕೃತಿ ವಿಕೋಪದ ಪರಿಹಾರ, ಚುನಾವಣೆ. ಆ ಸಮೀಕ್ಷೆ ಈ ಮೂರರಲ್ಲಿ ಯಾವುದು ಅಂತ ನೀವೇ ಹೇಳಿ. ಈಗ 2027ರ ಜನಗಣತೀನೂ ಮೊಬೈಲ್ ಆಪಲ್ಲೇ ಅಂತೆ. ಅದಕ್ಕೆ ಕಾಯ್ದೇಲಿ ಅವಕಾಶ ಇದೆ, ಸರಿ. ಆದ್ರೆ ಆಗಲೂ ಟೀಚರ್ ಮನೆ ಮುಂದೆ ನಿಂತು ಬೆರಳು ಸವೆಸ್ತಿದ್ರೆ, ಆ ಹೊತ್ತಿಗೆ ಕ್ಲಾಸಲ್ಲಿ ಯಾರಿದ್ದಾರೆ ಅನ್ನೋ ಪ್ರಶ್ನೆ ನಮ್ಮ ಬಾಯಲ್ಲಿ ಬರಬೇಕು.

ಟೀಚರಿಗೆ ಮೊಬೈಲ್ ಬರಲ್ಲ ಅನ್ನೋದು ಎಷ್ಟು ಸುಳ್ಳು ಗೊತ್ತಾ? ನಮ್ಮ ಓರಗಿತ್ತಿ ಇಪ್ಪತ್ತೆರಡು ವರ್ಷದಿಂದ ಪ್ರೈಮರಿ ಟೀಚರ್. ಅವಳ ಮೊಬೈಲ್ ಬಿಸಿಯಾಗಿರದ ದಿನ ನೋಡಿಲ್ಲ. ಸ್ಯಾಟ್ಸಲ್ಲಿ ಮಕ್ಕಳ ವಿವರ ತುಂಬಿಸಬೇಕು. ವರ್ಷಕ್ಕೊಮ್ಮೆ ಯೂಡೈಸ್ ಲೆಕ್ಕ. ಇವತ್ತು ಎಷ್ಟು ಮಕ್ಕಳು ಊಟ ಮಾಡಿದ್ರು, ಎಷ್ಟು ಮೊಟ್ಟೆ, ಎಷ್ಟು ಬಾಳೆಹಣ್ಣು, ಎಷ್ಟು ಲೀಟರ್ ಹಾಲು, ಅದೂ ಹೋಗಬೇಕು. ಯಾವುದೋ ದಿನಾಚರಣೆ ಮಾಡಿದ್ರೆ ಫೋಟೋ ತೆಗೆದು ಮೇಲಿನ ಗ್ರೂಪಿಗೆ ಹಾಕಬೇಕು, ಹಾಕದಿದ್ರೆ ದಿನಾಚರಣೆ ಮಾಡಿದ ಹಾಗೇ ಅಲ್ಲ. ರಾತ್ರಿ ಹತ್ತು ಗಂಟೆಗೆ "ತುರ್ತು, ಈಗಲೇ ಕಳಿಸಿ" ಅಂತ ಮೆಸೇಜ್. ಇದೆಲ್ಲ ಅವಳ ಸ್ವಂತ ಫೋನಲ್ಲಿ, ಸ್ವಂತ ಡೇಟಾದಲ್ಲಿ. ಸಾರಿಗೆ ಒಗ್ಗರಣೆ ಹಾಕ್ತಾ ಹಾಕ್ತಾ ಡೇಟಾ ಎಂಟ್ರಿ ಮಾಡೋಳಿಗೆ ಮೊಬೈಲ್ ಬರಲ್ವಾ? ಬರುತ್ತೆ. ಆದ್ರೆ ಆ ಜಾಣತನ ಎಲ್ಲ ಮೇಲಿನೋರಿಗೆ ಲೆಕ್ಕ ಒಪ್ಪಿಸೋದಕ್ಕೇ ಖರ್ಚಾಗಿ ಹೋಗುತ್ತೆ. ಎದುರಿಗೆ ಕೂತಿರೋ ಮಗುವಿಗೆ ಭಿನ್ನರಾಶಿ ಅರ್ಥ ಮಾಡಿಸೋಕೆ ಅದೇ ಫೋನನ್ನ ಹೇಗೆ ಬಳಸೋದು ಅಂತ ಯಾರೂ ಅವಳ ಪಕ್ಕ ಕೂತು ತೋರಿಸಿಲ್ಲ.

"ಟ್ರೈನಿಂಗ್ ಕೊಡ್ತಾರಲ್ಲ" ಅಂತೀರಿ. ಕೊಡ್ತಾರೆ. 2019ರಲ್ಲಿ ಕೇಂದ್ರದವರು ನಿಷ್ಠಾ ಅಂತ ತರಬೇತಿ ಶುರು ಮಾಡಿದ್ರು, ಕೊರೋನಾ ಬಂದ ಮೇಲೆ 2020ರಲ್ಲಿ ಅದು ದೀಕ್ಷಾ ಆಪಿಗೆ ಬಂತು. ವಿಡಿಯೋ ನೋಡು, ಪ್ರಶ್ನೆಗೆ ಉತ್ತರ ಒತ್ತು, ಸರ್ಟಿಫಿಕೇಟ್ ತಗೋ. ಓರಗಿತ್ತಿ ಹೇಳೋದು ಕೇಳಿ: "ಅಕ್ಕಾ, ಇಷ್ಟನೇ ತಾರೀಕಿನೊಳಗೆ ಇಷ್ಟು ಕೋರ್ಸ್ ಮುಗೀಬೇಕು ಅಂತ ಪಟ್ಟಿ ಬರುತ್ತೆ. ವಿಡಿಯೋ ಹಚ್ಚಿಟ್ಟು ಪಾತ್ರೆ ತೊಳೆದಿದ್ದೀನಿ. ಸರ್ಟಿಫಿಕೇಟ್ ಬಂತು. ಏನು ಕಲಿತೆ ಅಂತ ಒಬ್ರೂ ಕೇಳಲಿಲ್ಲ." ತಪ್ಪು ಅವಳದ್ದಾ? ರಾಗಿಮುದ್ದೆ ತಿರುವೋದನ್ನ ಯೂಟ್ಯೂಬ್ ನೋಡಿ ಸರ್ಟಿಫಿಕೇಟ್ ತಗೊಂಡು ಕಲಿತೋರು ನಮ್ಮಲ್ಲಿ ಯಾರಿದ್ದಾರೆ? ಅತ್ತೆನೋ ಅಮ್ಮನೋ ಪಕ್ಕ ನಿಂತು "ಇನ್ನೊಂದು ಚೂರು ತಿರುವು, ಗಂಟಾಗುತ್ತೆ" ಅಂದಿದ್ದಕ್ಕೇ ಬಂದಿದ್ದು. ಟೀಚರುಗಳೂ ಮನುಷ್ಯರೇ, ಅವರೂ ಹಾಗೇ ಕಲಿಯೋದು.

ಹಾಗೆ ಕಲಿತ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2011ರ ಸುಮಾರಿಗೆ ಶಿಕ್ಷಣ ಇಲಾಖೆ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರ್ಕಾರಿ ಹೈಸ್ಕೂಲ್ ಟೀಚರುಗಳಿಗೆ ವಿಷಯ ಶಿಕ್ಷಕರ ವೇದಿಕೆ ಅಂತ ಮಾಡಿದ್ರು. ಗಣಿತದೋರು ಗಣಿತದೋರ ಜೊತೆ, ವಿಜ್ಞಾನದೋರು ವಿಜ್ಞಾನದೋರ ಜೊತೆ ಕಂಪ್ಯೂಟರ್ ಮುಂದೆ ಕೂತು, ತಮ್ಮ ಪಾಠ ತಾವೇ ಕನ್ನಡದಲ್ಲಿ ತಯಾರು ಮಾಡಿ, ಒಬ್ಬರದ್ದು ಇನ್ನೊಬ್ಬರು ತಿದ್ದಿ, ಎಲ್ಲರಿಗೂ ಸಿಗೋ ಹಾಗೆ ಇಂಟರ್ನೆಟ್ಟಿಗೆ ಹಾಕಿದ್ರು. ದುಡ್ಡು ಕೊಡಬೇಕಾದ ಸಾಫ್ಟ್‌ವೇರ್ ಬಳಸಲಿಲ್ಲ, ಎಲ್ಲ ಪುಕ್ಕಟೆ ಸಿಗೋದು. ಜಿಯೋಜಿಬ್ರಾ ಅಂತ ಒಂದಿದೆ. ತ್ರಿಕೋನದ ಮೂಲೆ ಹಿಡಿದು ಎಳೆದ್ರೆ ಮೂರೂ ಕೋನ ಬದಲಾಗುತ್ತೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತೆ. ಮಗು ತಾನೇ ಎಳೆದು ನೋಡಿದ್ರೆ ಗಟ್ಟು ಹೊಡೆಯೋ ಅಗತ್ಯ ಇಲ್ಲ. ಪಕ್ಕದ ಕೇರಳದೋರು 2001ರಿಂದ ಐಟಿ ಅಟ್ ಸ್ಕೂಲ್ ಅಂತ ಹಿಡಿದ ಪಟ್ಟು ಬಿಡಲಿಲ್ಲ, ಈಗ ಅದೇ ಕೈಟ್ ಅನ್ನೋ ಸಂಸ್ಥೆ ಆಗಿದೆ. ಅಲ್ಲೂ ಟೀಚರಿಗೆ ಟೀಚರೇ ಗುರು, ಅಲ್ಲೂ ಪುಕ್ಕಟೆ ಸಾಫ್ಟ್‌ವೇರೇ. ಟೀಚರ್ ಕೈಗೆ ಉಪಕರಣದ ಜೊತೆ ಪಕ್ಕದಲ್ಲೊಬ್ಬರನ್ನೂ, ಕೂತು ಕಲಿಯೋಕೆ ಹೊತ್ತನ್ನೂ ಕೊಟ್ರೆ ಕಲೀತಾರೆ.

ಹಿತ್ತಲ ಗಿಡ ಮದ್ದಲ್ಲ ಅನ್ನೋದು ನಮ್ಮ ಜನಕ್ಕೆ ಸರಿಯಾಗಿ ಒಪ್ಪುತ್ತೆ. ಕರ್ನಾಟಕದ ಸರ್ಕಾರಿ ಶಾಲೆ ಬಗ್ಗೆ ಹೊರಗಿನೋರು ಬಂದು ನೋಡಿ ಹೋಗೋ ಅಂಥದ್ದೊಂದು ಇದ್ದರೆ ಅದು ನಲಿ ಕಲಿ. 1995ರಲ್ಲಿ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ ತಾಲ್ಲೂಕಲ್ಲಿ ಶುರುವಾಗಿದ್ದು. ಅಲ್ಲಿನ ಟೀಚರುಗಳು ಆಂಧ್ರದ ರಿಷಿವ್ಯಾಲಿ ಶಾಲೆಗಳನ್ನ ನೋಡಿ ಬಂದು, ಯುನಿಸೆಫ್ ನೆರವಲ್ಲಿ ತಾವೇ ಕೂತು ಕಾರ್ಡು, ಕಲಿಕಾ ಏಣಿ ಎಲ್ಲ ಮಾಡಿದ್ರು. 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು. ಮಕ್ಕಳು ಗುಂಪು ಗುಂಪಾಗಿ ತಟ್ಟೆಗಳಲ್ಲಿ ಕೂರ್ತಾರೆ. ಒಬ್ಬೊಬ್ಬ ಮಗು ತನ್ನ ವೇಗಕ್ಕೆ ಒಂದೊಂದು ಮೆಟ್ಟಿಲು ಹತ್ತುತ್ತೆ. ಜಾತ್ರೆಗೆ ಅಂತ ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದ ಮಗು ತಾನು ಬಿಟ್ಟ ಮೆಟ್ಟಿಲಿಂದಲೇ ಮತ್ತೆ ಶುರು ಮಾಡಬಹುದು, "ನಿನ್ನ ಪಾಠ ಹೋಯ್ತು, ಹಿಂದಿನ ಬೆಂಚಲ್ಲಿ ಕೂತ್ಕೋ" ಅನ್ನೋ ಹಾಗಿಲ್ಲ. ಇದನ್ನ ಕಟ್ಟಿದ್ದು ರಟ್ಟು, ಬಣ್ಣ, ಟೀಚರುಗಳ ತಲೆ ಸೇರಿ. ನಡೆಸೋದು ಸುಲಭ ಅಲ್ಲ, ಒಬ್ಬಳೇ ಟೀಚರಿಗೆ ಮೂರು ಕ್ಲಾಸ್ ಮಕ್ಕಳು ಬಿದ್ದರೆ ಸೊಂಟ ಬೀಳುತ್ತೆ. ಆದ್ರೂ ಕೇಳ್ತೀನಿ, ಇಂಥದ್ದು ಮಾಡಿದ ಜನಕ್ಕೆ ಹೊಸದು ಕಲಿಯೋಕೆ ಬರಲ್ಲ ಅನ್ನೋದು ಯಾವ ನ್ಯಾಯ?

ಈಗ ಅತ್ತಿಗೆಯ ದೊಡ್ಡ ಟಿವಿಗೆ ಬರ್ತೀನಿ. ಸ್ಮಾರ್ಟ್ ಬೋರ್ಡ್ ಕೆಟ್ಟದ್ದಲ್ಲ, ಅದರಲ್ಲಿ ಏನು ನಡೀತಿದೆ ಅಂತ ಯಾರಾದ್ರೂ ಕೇಳಿದ್ದೀರಾ? ನಾನು ಮೊಮ್ಮಗನ್ನ ಕೇಳಿದೆ. "ಮಿಸ್ಸು ವಿಡಿಯೋ ಹಾಕ್ತಾರೆ, ನಾವು ನೋಡ್ತೀವಿ, ಆಮೇಲೆ ನೋಟ್ಸ್ ಬರ್ಕೋತೀವಿ" ಅಂದ. ಅದು ಎಂಬತ್ತು ಸಾವಿರಕ್ಕೆ ದೂರದರ್ಶನ ನೋಡಿದ ಹಾಗಾಯ್ತು. ಆ ಮಿಸ್ಸಿಗೆ ಸಂಬಳ ಎಷ್ಟು, ಅವರು ಎಷ್ಟು ವರ್ಷ ಅಲ್ಲಿ ನಿಲ್ತಾರೆ, ಅವರಿಗೆ ತರಬೇತಿ ಯಾರು ಕೊಟ್ರು ಅಂತ ಫೀಸ್ ಕಟ್ಟುವಾಗ ಕೇಳೋರೇ ಇಲ್ಲ. ಹೆಸರಿಗೆ ಕ್ಷೀರಸಾಗರ ಭಟ್ಟ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನೋ ಗಾದೆ ನೆನಪಾಗುತ್ತೆ. ಪೆರು ಅನ್ನೋ ದೇಶದಲ್ಲಿ ಸರ್ಕಾರ ಬಡ ಮಕ್ಕಳಿಗೆ ಲಕ್ಷಗಟ್ಟಲೆ ಪುಟ್ಟ ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಬಂದ ಅಧ್ಯಯನದಲ್ಲಿ ಓದೋದ್ರಲ್ಲೂ ಗಣಿತದಲ್ಲೂ ಅದರಿಂದ ಮಕ್ಕಳು ಮುಂದೆ ಬಂದಿದ್ದು ಕಾಣಲಿಲ್ಲ. ಲ್ಯಾಪ್‌ಟಾಪ್ ಕೊಟ್ರು, ಟೀಚರ್ ಜೊತೆ ಕೂರಲಿಲ್ಲ. 2023ರಲ್ಲಿ ಯುನೆಸ್ಕೋದೋರು ಇಡೀ ವರ್ಷದ ವರದೀನ ಇದರ ಮೇಲೇ ಬರೆದ್ರು. ಶಾಲೆಗೆ ತಂತ್ರಜ್ಞಾನ ಯಾರ ಮಾತಿನ ಮೇಲೆ ಬರ್ತಿದೆ, ಮಾರೋರ ಮಾತಿನ ಮೇಲೋ ಕಲಿಯೋರ ಮಾತಿನ ಮೇಲೋ ಅನ್ನೋದೇ ಅದರ ಪ್ರಶ್ನೆ.

ಇನ್ನು ನಮ್ಮ ಕಣ್ಣೆದುರಿಗೇ ಇರೋ ಮಕ್ಕಳ ವಿಷಯ. ನಾಯಂಡಹಳ್ಳಿ ಅಂದ್ರೆ ಬರೀ ಮೈಸೂರು ರೋಡ್ ಟ್ರಾಫಿಕ್ಕು, ರಿಂಗ್ ರೋಡು, ವೃಷಭಾವತಿ ವಾಸನೆ ಅಲ್ಲ. ಊರಿನ ಪ್ಲಾಸ್ಟಿಕ್ ಎಲ್ಲ ಬಂದು ಸೇರೋ ಗುಜರಿ ಗೋಡೌನುಗಳೂ ಇಲ್ಲೇ ಇವೆ. ಬಾಟಲ್ಲು, ಕವರ್ರು ಬಣ್ಣ ನೋಡಿ ಬೇರೆ ಮಾಡೋ ಹೆಂಗಸರು, ಅವರ ಹಿಂದೆ ಮಕ್ಕಳು. ಕೆಲವರು ನಮ್ಮ ರಾಯಚೂರು, ಯಾದಗಿರಿ ಕಡೆಯೋರು, ಕೆಲವರು ಬಿಹಾರ, ಬಂಗಾಳದ ಕಡೆಯಿಂದ ಬಂದೋರು. ನಾವು ಕೊಟ್ಟ ಹಾಲಿನ ಕವರ್ ಬೇರೆ ಮಾಡೋ ಕೈ ಅವರದ್ದು. ಆ ಮಕ್ಕಳಿಗೆ ದೊಡ್ಡ ಟಿವಿ ಸ್ಕೂಲ್ ಸಿಗಲ್ಲ. ಅವರಿಗಿರೋದು ಸರ್ಕಾರಿ ಶಾಲೆ ಒಂದೇ. ನಾವು ಆ ಶಾಲೇನ ಬಾಯಿಗೆ ಬಂದ ಹಾಗೆ ಬೈದು, ನಮ್ಮ ಮಕ್ಕಳನ್ನೂ ಕರ್ಕೊಂಡು ಹೋದ್ರೆ, ಅಲ್ಲಿ ಕೇಳೋ ಬಾಯಿರೋ ತಾಯಂದ್ರೇ ಉಳಿಯಲ್ಲ. ಕೇಳೋರಿಲ್ಲದ ಶಾಲೆಗೆ ಟೀಚರೂ ಬರಲ್ಲ, ನೀರೂ ಬರಲ್ಲ, ಕಂಪ್ಯೂಟರೂ ಬರಲ್ಲ.

ಮೊಬೈಲ್ ಇದ್ರೆ ಎಲ್ಲ ಮಕ್ಕಳಿಗೂ ಪಾಠ ಮುಟ್ಟುತ್ತೆ ಅಂತ ಕೊರೋನಾ ಟೈಮಲ್ಲಿ ಎಲ್ಲರೂ ಹೇಳಿದ್ರು. 2020ರ ಆಗಸ್ಟಲ್ಲಿ ವಿದ್ಯಾಗಮ ಬಂತು, ನೆನಪಿದೆಯಾ? ಆಗ ಶಿಕ್ಷಣ ಮಂತ್ರಿ ನಮ್ಮ ಪಕ್ಕದ ರಾಜಾಜಿನಗರದ ಸುರೇಶ್ ಕುಮಾರ್ ಅವರು. ಮಕ್ಕಳನ್ನ ಮೂರು ಗುಂಪು ಮಾಡಿದ್ರು: ಸ್ಮಾರ್ಟ್‌ಫೋನ್ ಇರೋರು, ಬಟನ್ ಫೋನ್ ಇರೋರು, ಯಾವ ಫೋನೂ ಇಲ್ಲದೋರು. ಟೀಚರುಗಳೇ ದೇವಸ್ಥಾನದ ಜಗಲಿಗೆ, ಮರದ ಕೆಳಗೆ, ವಠಾರಕ್ಕೆ ಹೋಗಿ ಪಾಠ ಮಾಡಿದ್ರು. ಸೋಂಕು ಹರಡುತ್ತಿದೆ ಅಂತ ಅಕ್ಟೋಬರಲ್ಲಿ ನಿಲ್ಲಿಸಬೇಕಾಯ್ತು. ಆದ್ರೂ ಫೋನ್ ಇಲ್ಲದ ಮಗುವಿನ ಹತ್ತಿರಕ್ಕೆ ಹೋಗಿದ್ದು ಕಾಲ್ನಡಿಗೇಲಿ ಟೀಚರೇ ಹೊರತು ಯಾವ ಆಪೂ ಅಲ್ಲ. ಶಾಲೆ ಮುಚ್ಚಿದ್ದರ ಫಲ ಆಮೇಲೆ ಕಾಣಿಸಿತು. ಹಳ್ಳಿ ಕಡೆ ಮಾಡೋ ಅಸರ್ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಎರಡನೇ ಕ್ಲಾಸ್ ಪಾಠ ಓದಬಲ್ಲ ಐದನೇ ಕ್ಲಾಸ್ ಮಕ್ಕಳು 2018ರಲ್ಲಿ ನೂರಕ್ಕೆ ಸುಮಾರು 46 ಇದ್ದೋರು 2022ರಲ್ಲಿ ಸುಮಾರು 30ಕ್ಕೆ ಇಳಿದಿದ್ರು.

ಆ ಫೋನಾದ್ರೂ ಮನೇಲಿ ಯಾರ ಕೈಲಿದೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ದೇಶದ ಲೆಕ್ಕ ಹೇಳುತ್ತೆ: ಇಂಟರ್ನೆಟ್ ಒಮ್ಮೆಯಾದ್ರೂ ಬಳಸಿದ ಹೆಂಗಸರು ನೂರಕ್ಕೆ 33, ಗಂಡಸರು 57. ಅಸರ್ 2023ರಲ್ಲಿ ಹದಿನಾಲ್ಕರಿಂದ ಹದಿನೆಂಟು ವಯಸ್ಸಿನೋರನ್ನ ಕೇಳಿದಾಗ, ಸ್ಮಾರ್ಟ್‌ಫೋನ್ ಬಳಸೋಕೆ ಬರೋ ಹುಡುಗರಲ್ಲಿ ಸ್ವಂತ ಫೋನ್ ಇದ್ದೋರು ನೂರಕ್ಕೆ 44 ಹತ್ತಿರ, ಹುಡುಗೀರಲ್ಲಿ 20 ಹತ್ತಿರ. ಹೋಂವರ್ಕ್ ವಾಟ್ಸಾಪಲ್ಲಿ ಬಂದ್ರೆ ಅದು ಅಪ್ಪನ ಜೇಬಲ್ಲಿ ಗೋಡೌನಿಗೆ ಹೋಗಿರುತ್ತೆ, ರಾತ್ರಿ ಒಂಬತ್ತಕ್ಕೆ ಬರುತ್ತೆ, ಆಗ ಅಣ್ಣ ಗೇಮ್ ಆಡ್ಬೇಕು. ಹುಡುಗಿ ಪಾತ್ರೆ ತೊಳೀತಾಳೆ. "ಆನ್‌ಲೈನಲ್ಲಿ ಎಲ್ಲರಿಗೂ ಸಿಗುತ್ತೆ" ಅನ್ನೋರು ಈ ಮನೆ ಒಳಗೆ ಒಂದು ಸಂಜೆ ಬಂದು ನೋಡಲಿ.

ಹಾಗಂತ ತಂತ್ರಜ್ಞಾನವೇ ಬೇಡ ಅನ್ನೋಳಲ್ಲ ನಾನು. ಕಣ್ಣು ಕಾಣದ ಮಗು ಇದೆ ಅಂತಿಟ್ಕೊಳ್ಳಿ. ಅಕ್ಷರ ಓದಿ ಹೇಳೋ ಸಾಫ್ಟ್‌ವೇರ್ ಇವತ್ತು ಪುಕ್ಕಟೆ ಸಿಗುತ್ತೆ, ಕನ್ನಡನೂ ಓದುತ್ತೆ. ಆದ್ರೆ ಟೀಚರ್ ಪಾಠವನ್ನ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ರೆ ಅದಕ್ಕೆ ಗೊತ್ತಾಗಲ್ಲ, ಏನೇನೋ ಬಡಬಡಿಸುತ್ತೆ. ಅದನ್ನೇ ಯೂನಿಕೋಡಲ್ಲಿ ಟೈಪ್ ಮಾಡಿದ್ರೆ ಸರಿಯಾಗಿ ಓದಿ ಹೇಳುತ್ತೆ. ಇಷ್ಟು ಸಣ್ಣ ವಿಷಯ ಅರ್ಧ ಗಂಟೇಲಿ ಕಲಿಸಬಹುದು. ಬಂಗಾಳಿ ಬಿಟ್ಟು ಬೇರೆ ಬಾರದ ಮಗು ಮೊದಲ ದಿನ ಕ್ಲಾಸಿಗೆ ಬಂದಾಗ "ನಿನ್ನ ಹೆಸರೇನು, ಊಟ ಆಯ್ತಾ" ಅಂತ ಅವನ ಭಾಷೇಲಿ ಫೋನಿಂದ ಕೇಳಿಸಿ ನಗಿಸೋದು ಇನ್ನೊಂದು. ನನ್ನ ಲೆಕ್ಕದಲ್ಲಿ ಟೀಚರಿಗೆ ಬೇಕಾದ ಡಿಜಿಟಲ್ ಜಾಣತನ ಇದು. ಇಂಥದ್ದಕ್ಕೆ ತರಬೇತಿ ಕೊಡಿ, ಮೊಟ್ಟೆ ಲೆಕ್ಕಕ್ಕೆ ಬೇರೆ ಗುಮಾಸ್ತರನ್ನ ಇಡಿ.

"ಎಲ್ಲ ಟೀಚರೂ ನಿಮ್ಮ ಓರಗಿತ್ತಿ ಥರ ಇರಲ್ಲ, ಸೋಮಾರಿಗಳೂ ಇದ್ದಾರೆ" ಅಂತ ನಮ್ಮ ಚಿಕ್ಕಮ್ಮ ಈಗಾಗಲೇ ಫೋನಲ್ಲಿ ಹೇಳಿ ಆಯ್ತು. ಇದ್ದಾರೆ, ಯಾಕಿಲ್ಲ? ಸೋಮಾರಿಗಳು ಬ್ಯಾಂಕಲ್ಲಿಲ್ವಾ, ಆಸ್ಪತ್ರೇಲಿಲ್ವಾ, ನಮ್ಮ ಮನೆಗಳಲ್ಲೇ ಸೋಫಾ ಬಿಟ್ಟು ಏಳದ ಗಂಡಸರಿಲ್ವಾ? ಆದ್ರೆ ಸೋಮಾರಿಯನ್ನ ಹಿಡಿಯೋಕೆ ಕ್ಲಾಸಿಗೆ ಹೋಗಿ ನೋಡಬೇಕು. ಆಪ್ ತುಂಬಿಸಿದ್ರೆ ಸೋಮಾರೀನೂ ಒಳ್ಳೆ ಟೀಚರೂ ಒಂದೇ ಥರ ಕಾಣ್ತಾರೆ. ಫೋಟೋ ಹಾಕಿದೋನು ಪಾಸು, ಪಾಠ ಮಾಡ್ತಾ ಫೋಟೋ ಮರೆತೋಳು ಫೇಲು.

ಬೈದಿದ್ದು ಸಾಕು, ನಾವೇನು ಮಾಡಬಹುದು ಹೇಳ್ತೀನಿ.

ಮೊದಲನೇದು ಎಸ್‌ಡಿಎಂಸಿ. ಸರ್ಕಾರಿ ಶಾಲೆಗೊಂದು ಸಮಿತಿ ಇರಲೇಬೇಕು, ಅದರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಅಂತ ಕಾಯ್ದೇಲೇ ಇದೆ. ನಮ್ಮ ಮನೆಗಳಿಗೆ ಕೆಲಸಕ್ಕೆ ಬರೋ ಎಷ್ಟೋ ಜನರ ಮಕ್ಕಳು ಆ ಶಾಲೆಗೇ ಹೋಗೋದು. ಮೀಟಿಂಗ್ ದಿನ ಅವರಿಗೆ ಎರಡು ಗಂಟೆ ರಜ ಕೊಡಿ, ಸಂಬಳ ಹಿಡೀಬೇಡಿ. ಏನು ಕೇಳಬೇಕು ಅಂತ ಹೇಳಿ ಕಳಿಸಿ: ಈ ತಿಂಗಳು ಟೀಚರ್ ಎಷ್ಟು ದಿನ ಶಾಲೆ ಬಿಟ್ಟು ಬೇರೆ ಕೆಲಸಕ್ಕೆ ಹೋಗಿದ್ರು? ಕಂಪ್ಯೂಟರ್ ಇದ್ರೆ ಮಕ್ಕಳು ಮುಟ್ಟಿದ್ರಾ, ಬೀಗ ಹಾಕಿದ್ಯಾ? ತರಬೇತಿಯಿಂದ ಬಂದ ಮೇಲೆ ಕ್ಲಾಸಲ್ಲಿ ಏನು ಬದಲಾಯ್ತು? ಈ ಮೂರು ಪ್ರಶ್ನೆ ಕೇಳೋಕೆ ಇಂಗ್ಲಿಷ್ ಬೇಡ.

ಎರಡನೇದು ಸೇರಿಸೋ ವಿಷಯ. ಗೋಡೌನ್ ಕಡೆಯ ತಾಯಿ "ಆಧಾರ್ ಇಲ್ಲ, ಟಿಸಿ ಇಲ್ಲ, ಸೇರಿಸ್ಕೊಳಲ್ವಂತೆ" ಅಂದ್ರೆ ಸುಮ್ಮನಾಗಬೇಡಿ. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನ ವಾಪಸ್ ಕಳಿಸೋ ಹಾಗಿಲ್ಲ ಅಂತ 14ನೇ ಸೆಕ್ಷನ್, ವರ್ಷದ ಮಧ್ಯೆ ಬಂದ್ರೂ ಸೇರಿಸ್ಕೋಬೇಕು ಅಂತ 15ನೇ ಸೆಕ್ಷನ್. ಶಾಲೆಗೆ ಸೇರೋಕೆ ಆಧಾರ್ ಕಡ್ಡಾಯ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಲ್ಲೇ ಹೇಳಿದೆ. ಕಂಪ್ಯೂಟರ್ ಒಪ್ಪಲ್ಲ ಅಂದ್ರೆ ಅದು ಕಂಪ್ಯೂಟರಿನ ತೊಂದರೆ, ಮಗೂದಲ್ಲ. ಒಂದು ಸಲ ಜೊತೇಲಿ ಹೋಗಿ ನಿಂತ್ಕೊಳ್ಳಿ, ನಮ್ಮಂಥೋರು ಪಕ್ಕದಲ್ಲಿದ್ರೆ ಮಾತಿನ ಧಾಟಿನೇ ಬೇರೆ ಆಗುತ್ತೆ.

ಮೂರನೇದು ನಮ್ಮ ಮನೆ ಒಳಗೇ. ಮಗಳಿಗೆ ದಿನಕ್ಕೊಂದು ಗಂಟೆ ಫೋನು, ಅದು ಅವಳ ಹಕ್ಕು. ಅಣ್ಣನ ಗೇಮು ಆಮೇಲೆ. ಮತ್ತೆ ರಾತ್ರಿ ಎಂಟರ ಮೇಲೆ ಟೀಚರಿಗೆ "ನಾಳೆ ಏನು ತರಬೇಕು ಮಿಸ್" ಅಂತ ಮೆಸೇಜ್ ಕುಟ್ಟಬೇಡಿ, ಅವರ ಮನೇಲೂ ಸಾರು ಕುದೀತಿರುತ್ತೆ.

ಮುಂದಿನ ಸಲ ಯಾರಾದ್ರೂ "ಟೀಚರಿಗೆ ಮೊಬೈಲ್ ಬರಲ್ಲ" ಅಂದಾಗ, "ಅವರಿಗೆ ಪಾಠ ಮಾಡೋಕೆ ಬಿಟ್ಟಿದ್ದು ಎಷ್ಟು ದಿನ?" ಅಂತ ತಿರುಗಿ ಕೇಳಿ. ಒಪ್ಪದೇ ಇರೋರು ಮನೆಗೇ ಬನ್ನಿ, ಜಗಳ ಆಡೋಣ. ಅತ್ತಿಗೆ, ನೀವಂತೂ ಬರಲೇಬೇಕು, ಮೊಮ್ಮಗನ್ನೂ ಕರ್ಕೊಂಡು ಬನ್ನಿ. ತ್ರಿಕೋನ ಎಳೆಯೋದು ಹೇಗೆ ಅಂತ ಅವನಿಗೆ ಅವನ ಚಿಕ್ಕಜ್ಜಿ ತೋರಿಸ್ತಾಳಂತೆ, ಗೌರ್ಮೆಂಟ್ ಸ್ಕೂಲ್ ಟೀಚರ್.